ಜ್ಞಾನ ಹಂಚಿಕೆ ಮತ್ತು ಸೌರ ಉದ್ಯಮ: ಸೆಲ್ಕೊ ಮಾದರಿ

ನವೀಕರಿಸಬಹುದಾದ ಇಂಧನ ಉದ್ಯಮಕ್ಕೆ ಬಂಡವಾಳದಷ್ಟೇ ತಿಳಿವಳಿಕೆಯ ಹಂಚಿಕೆಯೂ ಮುಖ್ಯ. ಇದಕ್ಕೆ ಕರ್ನಾಟಕದ ಉತ್ತಮ ಉದಾಹರಣೆ 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೌರ ಉದ್ಯಮ ಸಂಸ್ಥೆ ಸೆಲ್ಕೊ. ಸಹಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೌರದೀಪಕ್ಕೆ ಸಾಲ ಕೊಡಲು ಹಿಂಜರಿಯುತ್ತಿದ್ದ ಗ್ರಾಮೀಣ ಬ್ಯಾಂಕುಗಳಿಗೆ ಸಂಸ್ಥೆ ತಂತ್ರಜ್ಞಾನವನ್ನು ಮನದಟ್ಟು ಮಾಡಿತು. ರೈತರಿಗೆ, ಬೀದಿ ವ್ಯಾಪಾರಿಗಳಿಗೆ ಹಣ ಕೈಸೇರುವ ಹೊತ್ತು ನೋಡಿ ಕಂತು ಗೊತ್ತುಮಾಡುವ ಕ್ರಮ ಬೆಳೆಯಿತು. ಸ್ಥಳೀಯರಿಗೇ ದುರಸ್ತಿ ಕಲಿಸಿದ್ದರಿಂದ ಗ್ರಾಹಕರ ನಂಬಿಕೆ ಉಳಿಯಿತು. ಬರೀ ಮಾರಾಟದಿಂದ ಇದು ಆಗುತ್ತಿರಲಿಲ್ಲ.

ಸೌರ ವಲಯದ ಕುರಿತು ಇನ್ನಷ್ಟು ನೆನಪಿಡಿ: ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆ ಕ್ರೆಡಲ್ ಸ್ಥಾಪನೆ 1996; ಪಾವಗಡ ಸೌರ ಪಾರ್ಕ್ ಸಾಮರ್ಥ್ಯ 2,050 ಮೆಗಾವ್ಯಾಟ್; ಮನೆ ಚಾವಣಿ ಸೌರ ವಿದ್ಯುತ್ತಿನ ಪಿಎಂ ಸೂರ್ಯ ಘರ್ ಯೋಜನೆಯ ಆರಂಭ 2024, ಒಂದು ಮನೆಗೆ ಕೇಂದ್ರದ ಗರಿಷ್ಠ ಸಹಾಯಧನ ₹78,000.