ಸ್ಕ್ಯಾನ್ ನಾರ್ಮಲ್ ಬಂದ ಮೇಲೂ ಮತ್ತೆ ಹೋಗಬೇಕೇ?

ಪ್ರಶ್ನೆ: ನಮ್ಮ ತಂದೆಗೆ ಲಿವರ್ ಸಿರೋಸಿಸ್ ಇದೆ. ಕ್ಯಾನ್ಸರ್ ಬಂದಿದೆಯೇ ಎಂದು ನೋಡಲು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಎರಡು ಸಲ ನಾರ್ಮಲ್ ಬಂತು. ಈಗ ತಂದೆ ‘ಎಲ್‌ಎಫ್‌ಟಿ ಸರಿಯಿದೆ, ನೋವೂ ಇಲ್ಲ, ಮತ್ತೆ ಯಾಕೆ?’ ಎನ್ನುತ್ತಾರೆ. ಅವರು ತಪ್ಪದೆ ಹೋಗುವಂತೆ ಮಾಡುವುದು ಹೇಗೆ?
— ಓದುಗರೊಬ್ಬರು, ಹಾಸನ

ಉತ್ತರ: ಬಹಳ ಮನೆಗಳಿಗೆ ಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಆರಾಮಾಗಿ ಓಡಾಡಿಕೊಂಡಿರುವವರಿಗೆ ಪದೇ ಪದೇ ಆಸ್ಪತ್ರೆಗೆ ಹೋಗುವುದು ಏಕೆ ಎನಿಸುವುದು ಸಹಜ. ನಿಮ್ಮ ತಂದೆಯವರ ಸಂದೇಹಗಳನ್ನು ಮೊದಲು ನೋಡೋಣ.

ನೋವಿನ ಮಾತು ಮೊದಲು. ಲಿವರಿನ ಒಳಗೆ ನೋವು ತಿಳಿಯುವುದಿಲ್ಲ; ಅದರ ಹೊರಪೊರೆ ಎಳೆದಂತಾದಾಗಲೇ ನೋವು. ಅಷ್ಟು ಹೊತ್ತಿಗೆ ಗಡ್ಡೆ ಸಾಕಷ್ಟು ಬೆಳೆದಿರುತ್ತದೆ.

ಎರಡನೆಯದು ಎಲ್‌ಎಫ್‌ಟಿ. ಇಲ್ಲಿ ಅನೇಕರಿಗೆ ಗೊಂದಲವಾಗುತ್ತದೆ. ಲಿವರ್ ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ಆ ರಕ್ತಪರೀಕ್ಷೆ ಹೇಳುತ್ತದೆಯೇ ಹೊರತು, ಗಡ್ಡೆ ಇದೆಯೇ ಇಲ್ಲವೇ ಎಂಬುದನ್ನಲ್ಲ. ಸಣ್ಣ ಗಡ್ಡೆ ಇದ್ದರೂ ಎಲ್‌ಎಫ್‌ಟಿ ಬದಲಾಗದೆ ಇರಬಹುದು. ಗಡ್ಡೆಗೆಂದೇ ಮಾಡುವ ಎಎಫ್‌ಪಿ ಪರೀಕ್ಷೆಯೂ ಕೆಲವರಲ್ಲಿ ನಾರ್ಮಲ್ ಬರುತ್ತದೆ. ಆದ್ದರಿಂದ ರಕ್ತಪರೀಕ್ಷೆ ಸ್ಕ್ಯಾನಿನ ಜೊತೆಗೆ ಇರಲಿ, ಅದರ ಬದಲಿಗೆ ಬೇಡ.

ಆರು ತಿಂಗಳೇ ಏಕೆ? ಈ ಗಡ್ಡೆಗಳ ಗಾತ್ರ (ಅಡ್ಡಳತೆಯಲ್ಲ, ಘನ ಅಳತೆ) ಸರಾಸರಿ ನಾಲ್ಕರಿಂದ ಆರು ತಿಂಗಳಲ್ಲಿ ಇಮ್ಮಡಿಯಾಗುತ್ತದೆ. ಆರು ತಿಂಗಳ ಲೆಕ್ಕದಲ್ಲೇ ಹಿಡಿದರೂ ಇಂದು 2 ಸೆಂ.ಮೀ. ಅಡ್ಡಳತೆಯ ಗಡ್ಡೆ ಮುಂದಿನ ಸ್ಕ್ಯಾನಿಗೆ ಸುಮಾರು 2.5 ಸೆಂ.ಮೀ. ಆಗಿರುತ್ತದೆ, ಆ ಸ್ಕ್ಯಾನ್ ತಪ್ಪಿಸಿದರೆ ವರ್ಷದ ಹೊತ್ತಿಗೆ 3 ಸೆಂ.ಮೀ. ದಾಟಿರುತ್ತದೆ. ಚಿಕ್ಕದಿರುವಾಗ ಸಿಕ್ಕಿದರೆ ಶಸ್ತ್ರಕ್ರಿಯೆ, ಸೂಜಿ ಹಾಕಿ ಶಾಖದಿಂದ ಗಡ್ಡೆ ಸುಡುವುದು, ಲಿವರ್ ಕಸಿ ಇವುಗಳಿಂದ ಪೂರ್ತಿ ಗುಣವಾಗುವ ಅವಕಾಶವಿದೆ. ಹಿಂದಿನ ನಾರ್ಮಲ್ ರಿಪೋರ್ಟ್ ಅಂದಿನ ಸ್ಥಿತಿಯನ್ನಷ್ಟೇ ಹೇಳಿತ್ತು.

ಇನ್ನು ಹೋಗುವಂತೆ ಮಾಡುವ ಬಗೆ. ಅಮೆರಿಕದ ಡಲ್ಲಾಸ್ ನಗರದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ವ್ಯವಸ್ಥೆಯಲ್ಲಿ ಸಿರೋಸಿಸ್ ಇದ್ದ 1,800 ಮಂದಿಯನ್ನು ಮೂರು ಗುಂಪು ಮಾಡಿ ಇದನ್ನೇ ಪರೀಕ್ಷಿಸಿದರು. ಮೊದಲ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಎಂದಿನಂತೆ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 24 ಮಂದಿ ಸ್ಕ್ಯಾನ್ ಮಾಡಿಸಿದರು. ಮನೆಗೆ ಪತ್ರ ಬರೆದು ಫೋನ್ ಮಾಡಿ ಕರೆದ ಗುಂಪಿನಲ್ಲಿ ಈ ಸಂಖ್ಯೆ ಸುಮಾರು 44. ಅಡಚಣೆಗಳನ್ನು ವಿಚಾರಿಸಿ ಬಗೆಹರಿಸಲೂ ನೆರವಾದ ಗುಂಪಿನಲ್ಲಿ 47. ಆದರೆ ಒಂದೂವರೆ ವರ್ಷ ತಪ್ಪದೆ ನಡೆಸಿಕೊಂಡು ಬಂದವರು ಈ ಮೂರನೆಯ ಗುಂಪಿನಲ್ಲೂ ಕಾಲು ಭಾಗಕ್ಕಿಂತ ಕಡಿಮೆ. ಅಂದರೆ ನೆನಪಿಸುವುದರಿಂದ ಲಾಭವಿದೆ, ಆದರೆ ಪ್ರತಿ ಸಲವೂ ನೆನಪಿಸಬೇಕು.

ಮನೆಯಲ್ಲಿ ನೀವು ಹೀಗೆ ಮಾಡಬಹುದು:

1. ಸ್ಕ್ಯಾನ್ ನಾರ್ಮಲ್ ಬಂದ ದಿನವೇ ಮುಂದಿನ ಸ್ಕ್ಯಾನಿನ ಚೀಟಿ ಬರೆಸಿಕೊಳ್ಳಿ, ಸಾಧ್ಯವಾದರೆ ತಾರೀಖನ್ನೂ ಗೊತ್ತುಮಾಡಿಸಿ.
2. ನೆನಪಿಡುವ ಹೊಣೆ ಮನೆಯ ಒಬ್ಬರದಾಗಲಿ. ಯುಗಾದಿಗೂ ನವರಾತ್ರಿಗೂ ಹೆಚ್ಚುಕಡಿಮೆ ಆರು ತಿಂಗಳ ಅಂತರ. ಹಬ್ಬ ಕಳೆದ ವಾರ ಸ್ಕ್ಯಾನ್ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ.
3. ಹೊಟ್ಟೆಯ ಸ್ಕ್ಯಾನಿಗೆ ಕೆಲವು ಗಂಟೆ ಏನೂ ತಿಂದಿರಬಾರದು. ಬೆಳಗಿನ ಹೊತ್ತನ್ನೇ ಕೇಳಿ ಪಡೆಯಿರಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಇದ್ದರೆ ಏನು ಮಾಡಬೇಕೆಂದು ಮೊದಲೇ ವಿಚಾರಿಸಿ.
4. ಹಳೆಯ ರಿಪೋರ್ಟುಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟು ಕೊಂಡೊಯ್ಯಿರಿ; ಹೋಲಿಸಿ ನೋಡಲು ಡಾಕ್ಟರಿಗೆ ಅನುಕೂಲ.
5. ಬರಲು ಯಾಕೆ ಬೇಸರ ಎಂದು ತಂದೆಯವರನ್ನು ಗದರದೆ ಕೇಳಿ. ಖರ್ಚೋ, ಕಾಯುವ ಕಷ್ಟವೋ, ಏನಾದರೂ ಕಂಡುಬಿಟ್ಟರೆ ಎಂಬ ಹೆದರಿಕೆಯೋ? ಕಾರಣ ತಿಳಿದರೆ ದಾರಿಯೂ ತೋಚುತ್ತದೆ.

ಕಣ್ಣು ಹಳದಿಯಾಗುವುದು, ಹೊಟ್ಟೆ ಊದುವುದು ಕಂಡರೆ ಮಾತ್ರ ತಾರೀಖಿಗೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ. ರಕ್ತ ವಾಂತಿಯಾದರೆ ಅಥವಾ ಮಲ ಕಪ್ಪಾದರೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೇ ಕರೆದೊಯ್ಯಿರಿ.