ಅಂಗೈಗೆ ಬಂದ ಅಂಚೆ

ಮಕ್ಕಳೇ, ಒಂದು ಕಾಲಕ್ಕೆ ಇ-ಮೇಲ್ ನೋಡಲು ಕಂಪ್ಯೂಟರ್ ಮುಂದೆಯೇ ಕೂರಬೇಕಿತ್ತು. ನಾವೇ ಅಂಚೆಕಚೇರಿಗೆ ಹೋಗಿ "ನಮಗೇನಾದರೂ ಬಂದಿದೆಯೇ?" ಎಂದು ಕೇಳಿದ ಹಾಗೆ. ಕೆನಡಾದ ರಿಸರ್ಚ್ ಇನ್ ಮೋಷನ್ ಕಂಪನಿ 1999ರಲ್ಲಿ ತಂದ ಬ್ಲ್ಯಾಕ್‌ಬೆರಿ ಇದನ್ನು ತಿರುವುಮುರುವು ಮಾಡಿತು. ಸರ್ವರ್ ನಮ್ಮ ಅಂಚೆಪೆಟ್ಟಿಗೆಯನ್ನು ಕಾಯುತ್ತಿದ್ದು, ಹೊಸ ಪತ್ರ ಬಂದ ಕೂಡಲೇ ರೇಡಿಯೋ ಅಲೆಗಳ ಮೂಲಕ ಅಂಗೈಗೆ ತಳ್ಳುತ್ತಿತ್ತು. ಆ ಮೊದಲ ಮಾದರಿಗೆ ಒಂದೇ ಒಂದು ಎಎ ಬ್ಯಾಟರಿ ಸಾಕಾಗಿತ್ತು!

ಬರೆಯುವುದು ಎರಡು ಹೆಬ್ಬೆರಳುಗಳಿಂದ. ಹಣ್ಣಿನ ಬೀಜದಂಥ ಪುಟ್ಟ ಕೀಲಿಗಳು, ಅವುಗಳ ಮೇಲೆ ಇಂಗ್ಲಿಷ್ ಅಕ್ಷರಗಳು. ನಮ್ಮವರು ಅದರಲ್ಲೇ ಕನ್ನಡ ಬರೆದರು. ತೊಡಕು ಶುರುವಾದದ್ದು ಇಲ್ಲೇ.

2011ರಲ್ಲಿ ನಾನು ಬಿ.ಎಡ್. ಓದುತ್ತಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಣ್ಣ ಕೋಲಾರದ ನಮ್ಮ ಟೊಮೆಟೊ ಹೊಲ ನೋಡಿಕೊಂಡು ಹಿಂತಿರುಗುವಾಗ ಬಸ್ಸಿನಿಂದಲೇ ಮೇಲ್ ಕಳಿಸಿದ: ಈ ಸಲ ಬಿ-ಇ-ಎಲ್-ಇ ಚೆನ್ನಾಗಿದೆ. ನಾನು 'ಬೆಲೆ' ಎಂದು ಓದಿಕೊಂಡು, ಹಾಗಾದರೆ ನನ್ನ ಫೀಸು ಕಳಿಸು ಎಂದು ಬರೆದೆ. ಅವನು ಬರೆದದ್ದು 'ಬೆಳೆ'. ಎಲ್ಲರ ಹೊಲದಲ್ಲೂ ಬೆಳೆ ಚೆನ್ನಾಗಿ ಬಂದು ಬೆಲೆ ಕುಸಿದಿತ್ತು; ಕೂಲಿಯೂ ಗಿಟ್ಟದೆಂದು ಅಪ್ಪ ಹಣ್ಣು ಕೀಳಿಸಿರಲಿಲ್ಲ. ಆ ಫೀಸಿನ ಸಾಲು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಹಳೆಯ ಬ್ಲ್ಯಾಕ್‌ಬೆರಿಗಳ ಸೇವೆ 2022ರ ಜನವರಿ 4ರಂದು ನಿಂತಿತು. ಈಗಿನ ಫೋನುಗಳಲ್ಲಿ ಕನ್ನಡ ಕೀಲಿಮಣೆಯಿದೆ. (ಪೋಷಕರೇ, ಸೆಟ್ಟಿಂಗ್ಸ್‌ನಲ್ಲಿ ಭಾಷೆ ಸೇರಿಸಿದರೆ ಸಾಕು.)

ಅಭ್ಯಾಸ: ಬೆಲೆ, ಬೆಳೆ, ಬೇಳೆ, ಹಾಲು, ಹಾಳು – ಇವನ್ನು ಗಟ್ಟಿಯಾಗಿ ಓದಿ. ಒಂದೊಂದನ್ನೂ ಬಳಸಿ ಊರಿನಲ್ಲಿರುವ ಅಜ್ಜ-ಅಜ್ಜಿಗೆ ಕನ್ನಡ ಅಕ್ಷರಗಳಲ್ಲೇ ಒಂದು ಪುಟ್ಟ ಇ-ಮೇಲ್ ಬರೆಯಿರಿ.