ಮೊದಲು ತೋಳಿನ ಪಟ್ಟಿ ನೋಡಿ

ಲಂಡನ್ನಿನ ಸಂತೆಯಲ್ಲಿ ಕೊಂಡ ಹಳೆಯ ಫೋಟೊದಲ್ಲಿರುವ ಹಡಗಿನ ಅಧಿಕಾರಿ ಯಾರೆಂದು ಕೇಳಿದ್ದೀರಿ. ಮುಖ ಆಮೇಲೆ; ಮೊದಲು ಭೂತಗನ್ನಡಿ ಹಿಡಿದು ತೋಳಿನ ಪಟ್ಟಿ ನೋಡಿ. ನೇರ ಪಟ್ಟಿಯ ಮೇಲೆ ದುಂಡನೆಯ ಸುರುಳಿಯಿದ್ದರೆ ಬಹುಶಃ ಬ್ರಿಟಿಷ್ ನೌಕಾಪಡೆ. ವಜ್ರಾಕೃತಿಯಿದ್ದರೆ ವಾಣಿಜ್ಯ ಹಡಗಿನವರು, ಕಾಲ ಹೆಚ್ಚಾಗಿ 1918ರ ಈಚಿನದು. ಅದಕ್ಕೂ ಹಿಂದೆ ಒಂದೊಂದು ಕಂಪನಿಗೆ ಒಂದೊಂದು ಸಮವಸ್ತ್ರ. ಆಗ ಟೋಪಿಯ ಬಿಲ್ಲೆ, ಗುಂಡಿಗಳ ಲಾಂಛನವೇ ಸುಳಿವು. ಹಿಂಬದಿಯಲ್ಲಿ ಸ್ಟುಡಿಯೊ ವಿಳಾಸವಿದ್ದರೆ ಅದು ನಿಜಕ್ಕೂ ನಿಧಿ: ಆ ಸ್ಟುಡಿಯೊ ಅಲ್ಲಿ ಯಾವಾಗ ಇತ್ತೆಂದು ಊರಿನ ಹಳೆಯ ಡೈರೆಕ್ಟರಿಗಳಲ್ಲಿ ಹುಡುಕಬಹುದು. ಹೆಸರು ಸಿಕ್ಕಿತೋ, ವಾಣಿಜ್ಯ ಹಡಗಿನ ಅಧಿಕಾರಿಗಳ 1850–1927ರ ಅರ್ಹತಾಪತ್ರಗಳಿಗೆ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂಗೆ ಬರೆಯಿರಿ. ನೌಕಾಪಡೆಯವರಾದರೆ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ. ಅಲ್ಲಿಯವರೆಗೆ ಫೋಟೊ ಅಂಟಿಸಿದ ರಟ್ಟನ್ನು ದಯವಿಟ್ಟು ಕತ್ತರಿಸಬೇಡಿ.